ಬೆನ್ನ ಮೇಲಿನ ಅಂಕಿ

ನಾನು ಒಂದು ಹಿತ್ತಾಳೆ ಬಿಲ್ಲೆ. ಸಿಪಾಯಿಯ ಟೋಪಿಯ ಮುಂಭಾಗದಲ್ಲಿ ಕೂರಲೆಂದು ಮಾಡಿದ್ದು. ಅಗಲದಲ್ಲಿ ಹಳೆಯ ಬೆಳ್ಳಿ ರೂಪಾಯಿಗಿಂತ ತುಸು ದೊಡ್ಡದು, ತೂಕದಲ್ಲಿ ಹಗುರ. ಸಾವಿರದ ಒಂಬೈನೂರ ನಲವತ್ತೆರಡರ ಬೇಸಿಗೆಯಲ್ಲಿ, ಬೆಂಗಳೂರು ದಂಡು ಪ್ರದೇಶದ ಒಂದು ಕಿರುಗಲ್ಲಿಯ ತಗಡಿನ ಸೂರಿನ ಕೆಳಗೆ ನಾನು ಹುಟ್ಟಿದೆ.

ಮುನಿಸ್ವಾಮಾಚಾರಿ ಎಂಬ ಮುದುಕರು ಉಕ್ಕಿನ ತುಂಡಿನಲ್ಲಿ ನನ್ನ ರೂಪವನ್ನು ಕೊರೆದು ಅಚ್ಚು ಮಾಡಿದ್ದರು. ಮೇಲೆ ರಾಜನ ಕಿರೀಟ. ನಡುವೆ ಅಡ್ಡಡ್ಡ ಹಾಕಿದ ಪಿಕಾಸಿ ಮತ್ತು ಸಲಿಕೆ. ಸುತ್ತ ಎಲೆಗಳ ಬಳ್ಳಿ. ಕೆಳಗೊಂದು ಪಟ್ಟಿ. ಆ ಪಟ್ಟಿಯ ಮೇಲೆ ನಮ್ಮ ಪಡೆಯ ಹೆಸರು ಇರಬೇಕಾಗಿತ್ತು. ಆದರೆ ಆರ್ಡರು ತಂದ ಗುಮಾಸ್ತರು, "ಹೆಸರು ಇನ್ನೂ ಮೇಲಿಂದ ಬಂದಿಲ್ಲ ಆಚಾರ್ರೆ. ಖಾಲಿ ಬಿಟ್ಟು ಮಾಡ್ಕೊಡಿ. ಶನಿವಾರ ರೈಲು ಹತ್ತಬೇಕು ಇವು" ಎಂದರು. ಹಾಗಾಗಿ ಪಟ್ಟಿ ಖಾಲಿಯೇ ಉಳಿಯಿತು. ಹಿತ್ತಾಳೆ ತಗಡಿನ ಮೇಲೆ ಅಚ್ಚು ದಢ್ ಎಂದು ಬಿತ್ತು. ನನ್ನ ಎದೆಯಲ್ಲಿ ಉಬ್ಬಿದ್ದೆಲ್ಲ ಬೆನ್ನಿನಲ್ಲಿ ತಗ್ಗಾಯಿತು. ಬೆನ್ನಿಗೆ ಎರಡು ಪುಟ್ಟ ಬಳೆಗಳನ್ನು ಬೆಸೆದರು. ಅವನ್ನು ಕಿವಿ ಎನ್ನುತ್ತಿದ್ದರು. ಟೋಪಿಯ ಬಟ್ಟೆಯಲ್ಲಿ ಎರಡು ತೂತು ಮಾಡಿ ಕಿವಿಗಳನ್ನು ಒಳಗೆ ತೂರಿಸಿ, ಒಳಗಡೆಯಿಂದ ಒಂದು ಕಡ್ಡಿ ಸಿಕ್ಕಿಸಿದರೆ ನಾನು ಅಲುಗಾಡುವಂತಿರಲಿಲ್ಲ. ಆ ಶನಿವಾರ ನಮ್ಮನ್ನು ಇನ್ನೂರೈವತ್ತು ಮಂದಿಯನ್ನು ಒಂದು ಗೋಣಿಚೀಲಕ್ಕೆ ತುಂಬಿದರು. ನಾವೆಲ್ಲ ಒಂದೇ ಥರ ಇದ್ದೆವು. ಯಾರು ಯಾರ ತಲೆಯ ಮೇಲೆ ಕೂರಬೇಕೆಂಬುದನ್ನು ಚೀಲಕ್ಕೆ ಕೈಹಾಕಿದ ಹವಾಲ್ದಾರನ ಬೆರಳುಗಳು ತೀರ್ಮಾನಿಸಿದವು.

ನನಗೆ ಸಿಕ್ಕಿದವನು ತಿರುಮಲಬೋವಿ. ಮಧುಗಿರಿ ಕಡೆಯ ಕರೇಕಲ್ಲುಹಟ್ಟಿಯವನು. ಇಪ್ಪತ್ತಮೂರರ ಪ್ರಾಯ, ಕಲ್ಲು ಒಡೆಯುವವರ ಮನೆತನ. ಬರ್ಮಾ ಗಡಿಯಲ್ಲಿ ರಸ್ತೆ ಮಾಡಲು ಬಂಡೆ ಸಿಡಿಸುವವರು ಬೇಕೆಂದು ಸರ್ಕಾರದವರು ಹಟ್ಟಿಗೆ ಬಂದು ಆರಿಸಿಕೊಂಡು ಹೋದ ಏಳು ಜನರಲ್ಲಿ ಅವನೊಬ್ಬ. ಉಳಿದ ಆರು ಜನರನ್ನು ಬೇರೆ ಪಡೆಗಳಿಗೆ ಕಳಿಸಿದರು. ಬಂದೂಕು ಹಿಡಿದವನಲ್ಲ. ಅವನ ಕೈಯಲ್ಲಿದ್ದದ್ದು ಸುತ್ತಿಗೆ ಮತ್ತು ಉಳಿ. ಆದರೂ ಟೋಪಿ ಇತ್ತು, ಸಂಖ್ಯೆ ಇತ್ತು, ಬೆಳಿಗ್ಗೆ ಸಾಲಿನಲ್ಲಿ ನಿಲ್ಲುವುದೂ ಇತ್ತು.

ಮೊದಲ ವಾರದಲ್ಲೇ ಯಾರೋ ಅವನ ಟೋಪಿಯನ್ನು ಅದಲುಬದಲು ಮಾಡಿ ಹಳೆಯದನ್ನು ಬಿಟ್ಟುಹೋದರು. ಹುಡುಕಾಡಿ ತನ್ನದನ್ನು ಪತ್ತೆಮಾಡಿಕೊಂಡ ಮೇಲೆ ತಿರುಮಲಬೋವಿ ನನ್ನನ್ನು ಕಳಚಿ, ಬೋರಲು ಮಲಗಿಸಿ, ಚಿಕ್ಕ ಉಳಿಯಿಂದ ಬೆನ್ನಿನ ಪಟ್ಟಿಯ ಮೇಲೆ ತನ್ನ ಸಂಖ್ಯೆಯನ್ನು ಕೊರೆದ. ೪೧೭೩. ಅವನಿಗೆ ಓದು ಬರಹ ಬರುತ್ತಿರಲಿಲ್ಲ. ಗೆಳೆಯನೊಬ್ಬ ಮಣ್ಣಿನ ಮೇಲೆ ಬರೆದು ತೋರಿಸಿದ್ದನ್ನು ನೋಡಿಕೊಂಡು ಕೊರೆದ. ಕಲ್ಲು ಕೆತ್ತುವ ಕೈ. ಅಂಕಿಗಳು ಅಚ್ಚಿನಲ್ಲಿ ಒತ್ತಿದಷ್ಟು ಚೊಕ್ಕವಾಗಿ ಬಂದವು.

ಅಂಕಿ ಬರೆದು ತೋರಿಸಿದ ಗೆಳೆಯ ಜ್ಞಾನಮುತ್ತು, ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ್ದವನು. ತಮಿಳು ಬೆರೆತ ಕನ್ನಡ ಆಡುತ್ತಿದ್ದ. ಇಬ್ಬರೂ ಒಂದೇ ಗುಡಾರದಲ್ಲಿದ್ದರು. ಎರಡು ವರ್ಷ ನಾನು ಕಂಡದ್ದು ಬಂಡೆ, ಕೆಸರು ಮತ್ತು ಹೇಸರಗತ್ತೆಗಳು. ನಡುವೆ ಒಮ್ಮೆ ಹದಿನೈದು ದಿನದ ರಜೆ ಸಿಕ್ಕಿ ತಿರುಮಲಬೋವಿ ಊರಿಗೆ ಹೋಗಿಬಂದ. ಹೆಂಡತಿ ಸಣ್ಣೀರಮ್ಮ ಹೆಣ್ಣುಮಗುವನ್ನು ಹೆತ್ತು ಐದು ತಿಂಗಳಾಗಿತ್ತು. ಅವನು ಮಗುವನ್ನು ಎತ್ತಿಕೊಂಡಾಗ ಅದು ಕೈಚಾಚಿ ನನ್ನನ್ನು ಹಿಡಿಯಿತು. ಹಿಡಿದದ್ದನ್ನು ಬಿಡಲೇ ಇಲ್ಲ. ಟೋಪಿಯನ್ನೇ ತೆಗೆದು ಮಗುವಿನ ಪಕ್ಕದಲ್ಲಿ ಇಡಬೇಕಾಯಿತು.

ನಲವತ್ತನಾಲ್ಕರ ಮಳೆಗಾಲ. ಗಡಿಯಾಚೆಯ ಒಂದು ಹೊಳೆ ತುಂಬಿ ಬಂದಿತ್ತು. ಹಗ್ಗ ಕಟ್ಟಿದ ತೆಪ್ಪದ ಮೇಲೆ ಸಾಮಾನು ದಾಟಿಸುತ್ತಿದ್ದರು. ಹೇಸರಗತ್ತೆಗಳು ತೆಪ್ಪದ ಪಕ್ಕ ಈಜಿಕೊಂಡು ಬರಬೇಕು. ಅವುಗಳಲ್ಲೊಂದರ ಕಾಲು ಹಗ್ಗಕ್ಕೆ ಸಿಕ್ಕಿಕೊಂಡಿತು. ಅದು ನಡುನೀರಿನಲ್ಲಿ ತಲೆ ಎತ್ತಿ ಅರಚುತ್ತಿತ್ತು. ತೆಪ್ಪದ ಮೇಲಿದ್ದ ಇಬ್ಬರು ಹಗ್ಗ ಜಗ್ಗಿ ಸೋತರು. ದಡದಲ್ಲಿ ಉಳಿದಿದ್ದವರು ತಿರುಮಲಬೋವಿ ಮತ್ತು ಜ್ಞಾನಮುತ್ತು ಇಬ್ಬರೇ. ತಿರುಮಲಬೋವಿ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಟೋಪಿ ತೆಗೆದು ಜ್ಞಾನಮುತ್ತುವಿನ ಕೈಗೆ ಕೊಟ್ಟ.

"ಇಡ್ಕಳಪ್ಪ. ನೆಂದೋದ್ರೆ ಆವಲ್ದಾರ ಬೈತಾನೆ."

ಅವನು ಕೊನೆಯದಾಗಿ ಆಡಿದ ಮಾತು ಅಷ್ಟೇ. ಚಾಕುವನ್ನು ಹಲ್ಲಲ್ಲಿ ಕಚ್ಚಿಕೊಂಡು ನೀರಿಗಿಳಿದ. ಹಗ್ಗ ಕೊಯ್ದ. ಹೇಸರಗತ್ತೆ ಬಿಡುಗಡೆಯಾಗಿ ದಡದ ಕಡೆ ಬಂತು. ಅದೇ ಹೊತ್ತಿಗೆ ಮೇಲಿಂದ ಬೇರುಸಹಿತ ಕಿತ್ತ ಒಂದು ದೊಡ್ಡ ಮರ ತೇಲಿಬಂದು ತೆಪ್ಪಕ್ಕೆ ಅಪ್ಪಳಿಸಿತು. ಮರ ದಾಟಿಹೋದಾಗ ನೀರಿನ ಮೇಲೆ ತೆಪ್ಪವಿರಲಿಲ್ಲ. ಮೂವರೂ ಇರಲಿಲ್ಲ. ಹೇಸರಗತ್ತೆ ಮಾತ್ರ ದಡದಲ್ಲಿ ನಿಂತು ಮೈ ಕೊಡವಿಕೊಂಡಿತು.

ಜ್ಞಾನಮುತ್ತು ದಡದುದ್ದಕ್ಕೂ ಕೂಗುತ್ತ ಓಡಿದ. ಆಗಲೇ ಅವನಿಗೆ ಮೈಯಲ್ಲಿ ಜ್ವರವಿತ್ತು. ಸಂಜೆಗೆ ಪ್ರಜ್ಞೆ ತಪ್ಪಿ ಬಿದ್ದ. ಅವನನ್ನು ಡೋಲಿಯಲ್ಲಿ ಹೊತ್ತು ದೂರದ ಆಸ್ಪತ್ರೆಗೆ ಸಾಗಿಸಿದರು. ನಾನು ಅವನ ಕಂಬಳಿಯೊಳಗೆ, ಮುದ್ದೆಯಾದ ಆ ಟೋಪಿಯಲ್ಲಿದ್ದೆ. ಮಾರನೆಯ ದಿನ ಪಡೆ ಮುಂದಕ್ಕೆ ಹೊರಟಿತು. ಹೊಸದಾಗಿ ಬಂದಿದ್ದ ಅಧಿಕಾರಿ ಹಾಜರಿ ಕೂಗಿದಾಗ ಮೂರು ಸಂಖ್ಯೆಗಳಿಗೆ ಉತ್ತರ ಬರಲಿಲ್ಲ. ಅವರು ಗೈರುಹಾಜರು ಎಂದು ಬರೆದುಕೊಂಡರು. ಇದು ಜ್ಞಾನಮುತ್ತುವಿಗೆ ತಿಳಿದದ್ದು ಚೇತರಿಸಿಕೊಂಡ ಮೇಲೆ, ಐದು ತಿಂಗಳ ನಂತರ. ಅವನು ಕಂಡಕಂಡ ಮೇಜಿನ ಮುಂದೆಲ್ಲ ನಿಂತು, ಕಣ್ಣಾರೆ ಕಂಡದ್ದನ್ನು ಹೇಳಿದ. ಒಬ್ಬರು ಬರೆದುಕೊಂಡರು. ಬರೆದುಕೊಂಡ ಹಾಳೆ ಎಲ್ಲಿಗೆ ಹೋಯಿತೋ ಅವನಿಗೆ ತಿಳಿಯಲಿಲ್ಲ.

ಯುದ್ಧ ಮುಗಿದು ನಲವತ್ತಾರರಲ್ಲಿ ಅವನು ಕರೇಕಲ್ಲುಹಟ್ಟಿಯನ್ನು ಹುಡುಕಿಕೊಂಡು ಬಂದ. ಟೋಪಿ ಎಂದೋ ಕೊಳೆತುಹೋಗಿತ್ತು. ನಾನು ಅವನ ಅಂಗಿಯ ಜೇಬಿನಲ್ಲಿದ್ದೆ. ಸಣ್ಣೀರಮ್ಮ ಮನೆಯ ಮುಂದೆ ಜಲ್ಲಿ ಒಡೆಯುತ್ತಿದ್ದಳು. ಮೂರು ವರ್ಷದ ಮಗು ಕೆಂಚಮ್ಮ ಪಕ್ಕದಲ್ಲಿ ಕಲ್ಲಿನ ಚೂರು ಜೋಡಿಸುತ್ತಿದ್ದಳು. ತಿರುಮಲಬೋವಿಯ ತಾಯಿ ಓಬಮ್ಮ ಬಾಗಿಲಲ್ಲಿ ಕೂತಿದ್ದಳು.

"ಅಮ್ಮಾ, ನಾನು ತಿರುಮಲಂಗೆ ಸ್ನೇಹಿತ" ಎಂದ ಜ್ಞಾನಮುತ್ತು. ನನ್ನನ್ನು ತೆಗೆದು ಸಣ್ಣೀರಮ್ಮನ ಕೈಗಿಟ್ಟ. "ಅವನು ಹೊಳೆಯಲ್ಲಿ ಹೋಗಿಬಿಟ್ಟನಮ್ಮ. ಒಂದು ಹೇಸರಗತ್ತೇನ ಬಿಡಿಸೋಕೆ ಇಳಿದ. ನಾನು ಈ ಕಣ್ಣಲ್ಲೇ ನೋಡಿದ್ದು."

ಸಣ್ಣೀರಮ್ಮ ಸುತ್ತಿಗೆ ಕೆಳಗಿಟ್ಟಳು. ಅವಳ ಅಂಗೈಯಲ್ಲಿ ಕಲ್ಲಿನ ಹುಡಿ ಮೆತ್ತಿಕೊಂಡಿತ್ತು. ಅದರ ನಡುವೆ ನಾನು ಬಿದ್ದಿದ್ದೆ.

ಎದ್ದು ಬಂದವಳು ಓಬಮ್ಮ. "ಓದ ಅಂದ್ರೆ ಎಲ್ಲಿಗೋದ? ಆಚೆ ದಡಕ್ಕೋದ್ನಾ?"

"ಇಲ್ಲ ಅಜ್ಜಿ. ಸತ್ತುಹೋದ."

"ಬಾಯ್ಮುಚ್ಚು!" ಓಬಮ್ಮ ಒಳಗೆ ಹೋಗಿ ಮಡಿಕೆಯೊಂದರಿಂದ ಮಡಚಿದ ಕಾಗದ ತಂದಳು. ನನಗಿಂತ ಮೊದಲೇ ಆ ಕಾಗದ ಬಂದಿತ್ತು. "ಸರ್ಕಾರದೋರೇ ಕಳಿಸವ್ರೆ, ನೋಡು. ಟಪಾಲಿನಯ್ಯ ಓದಿ ಏಳವ್ನೆ. ಏಳ್ದೆ ಕೇಳ್ದೆ ಓಡೋಗವ್ನೆ, ಮನಿಗೆ ಬಂದ್ರೆ ಪೊಲೀಸ್ನೋರಿಗೆ ತಿಳಿಸಿ ಅಂತ ಐತೆ. ಓಡೋದೋನು ಎಲ್ಲಾನ ಬದುಕಿರ್ತಾನೆ. ನೀನ್ಯಾವನಯ್ಯ ನನ್ ಮಗನ್ನ ಸಾಯಿಸಾಕೆ ಬಂದೋನು?"

ಜ್ಞಾನಮುತ್ತು ಕೈಮುಗಿದ. ಇನ್ನೊಮ್ಮೆ ಹೇಳಿದ. ಜನ ಸೇರಿದರು. ಕತ್ತೆಗೋಸ್ಕರ ಯಾವನಾದರೂ ಪ್ರಾಣ ಬಿಡುತ್ತಾನೆಯೇ ಎಂದು ಯಾರೋ ನಕ್ಕರು. ಮುದ್ರೆ ಒತ್ತಿದ ಕಾಗದ ಸುಳ್ಳು ಹೇಳುತ್ತದೆಯೇ ಎಂದು ಇನ್ಯಾರೋ ಕೇಳಿದರು. ಜ್ಞಾನಮುತ್ತು ತನಗೆ ಕೊಟ್ಟ ನೀರನ್ನೂ ಮುಟ್ಟದೆ ಎದ್ದುಹೋದ. ಹೋಗುವಾಗ ಅಳುತ್ತಿದ್ದ. ಆಮೇಲೆ ಅವನು ಬರಲಿಲ್ಲ. ಅವನ ವಿಳಾಸವನ್ನು ಯಾರೂ ಕೇಳಿಟ್ಟುಕೊಂಡಿರಲಿಲ್ಲ.

ಆ ದಿನದಿಂದ ಒಂದೇ ಸೂರಿನಡಿ ಇಬ್ಬರು ತಿರುಮಲಬೋವಿಗಳಾದರು. ಸೊಸೆಯ ಪಾಲಿನವನು ಸತ್ತಿದ್ದ, ಅತ್ತೆಯ ಪಾಲಿನವನು ಬದುಕಿದ್ದ. ಓಬಮ್ಮ ಸೊಸೆಯ ಬಳೆ ಒಡೆಯಲು ಬಿಡಲಿಲ್ಲ, ಕುಂಕುಮ ಅಳಿಸಲು ಬಿಡಲಿಲ್ಲ, ತಿಥಿ ಮಾಡಲು ಬಿಡಲಿಲ್ಲ. ಊರವರು ಬಾಯಿಗೆ ಬಂದಂತೆ ಆಡಿಕೊಂಡರು. ಬರ್ಮಾದಲ್ಲಿ ಇನ್ನೊಂದು ಸಂಸಾರ ಹೂಡಿದ್ದಾನೆ ಎಂದರು. ಓಬಮ್ಮನಿಗೆ ಅದೂ ಹಿತವಾಗಿತ್ತು. "ಇದ್ರೆ ಇರ್ಲಿ ಬಿಡು. ಅಲ್ಲಾದ್ರೂ ಉಂಡ್ಕಂಡು ಸುಖವಾಗಿರ್ಲಿ" ಎನ್ನುತ್ತಿದ್ದಳು. ನಾನು ಗೂಡಿನಲ್ಲಿ ಕೂತು ಎಲ್ಲವನ್ನೂ ಕೇಳುತ್ತಿದ್ದೆ. ನಡೆದದ್ದನ್ನು ಕಂಡದ್ದು ಆ ಮನೆಯಲ್ಲಿ ನಾನೊಬ್ಬನೇ. ಮಾತು ಬಾರದ್ದೂ ನಾನೊಬ್ಬನೇ.

ಮರುವರ್ಷ ಮಗುವಿನ ಆಟದಲ್ಲಿ ನನ್ನ ಒಂದು ಕಿವಿ ಮುರಿಯಿತು. ಸಣ್ಣೀರಮ್ಮ ನನ್ನನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಪಕ್ಕದೂರಿನ ಅಕ್ಕಸಾಲಿ ವೀರಾಚಾರಿಯ ಬಳಿಗೆ ಹೋದಳು. "ಕೆಲ್ಸಕ್ಕೋದಾಗ ಸೆರಗು ಜಾರ್ತದೆ ಆಚಾರ್ರೆ. ಇದ್ಕೊಂದು ಪಿನ್ನು ಕೂರ್ಸಿಕೊಡಿ. ಮೈಮೇಲೇ ಇದ್ದಂಗಾಯ್ತದೆ" ಎಂದಳು.

ವೀರಾಚಾರಿ ನನ್ನನ್ನು ತಿರುಗಿಸಿ ನೋಡಿದರು. "ಇರೋ ಕಿವೀನೂ ತೆಗೀಬೇಕಮ್ಮ, ಇಲ್ದಿದ್ರೆ ಪಿನ್ನು ಸರಿಯಾಗಿ ಕೂರಲ್ಲ. ಇಲ್ಲೇನೋ ಗೀಚಿದಾರಲ್ಲ, ಇದನ್ನೂ ಸವರಿ ನುಣ್ಣಗೆ ಮಾಡ್ಲಾ? ಬೆಸುಗೆ ಚೆನ್ನಾಗಿ ಹಿಡಿಯುತ್ತೆ."

ಅವರಿಗೆ ಕನ್ನಡ ಅಂಕಿ ಬರುತ್ತಿತ್ತು. ಆದರೆ ನೋಡಿದ್ದು ಬೆಳಕಿಗೆ ಬೆನ್ನು ಹಾಕಿ ಕೂತು, ಕಣ್ಣಿಗೆ ಕುಲುಮೆಯ ಹೊಗೆ ಬಡಿಯುವಾಗ. ಸಣ್ಣೀರಮ್ಮನಿಗೆ ಅಂಕಿ ಗೊತ್ತಿರಲಿಲ್ಲ. ಅವಳಿಗೆ ಅದು ಗೀರು.

"ತಗ್ದಾಕಿ ಸ್ವಾಮಿ. ಚೆಂದಾಗಿರ್ಲಿ" ಎಂದಳು.

ಲೋಹ ಉಜ್ಜುವ ಅರ ನನ್ನ ಬೆನ್ನ ಮೇಲೆ ಹೋಗಿಬಂತು. ಮೊದಲು ಮೂರು ಹೋಯಿತು. ಆಮೇಲೆ ಏಳು. ಒಂದಕ್ಕೆ ಎರಡೇ ಉಜ್ಜು ಸಾಕಾಯಿತು. ನಾಲ್ಕು ಸ್ವಲ್ಪ ಆಳವಾಗಿತ್ತು. ವೀರಾಚಾರಿ ಊದಿ ನೋಡಿ ಮತ್ತೆ ಉಜ್ಜಿದರು. ನೆಲದ ಮೇಲೆ ಚಿಟಿಕೆಯಷ್ಟು ಹಿತ್ತಾಳೆ ಹುಡಿ ಬಿತ್ತು. ಅಚ್ಚು ನನ್ನ ಮೇಲೆ ಬಿದ್ದಾಗ ನೋವಾಗಿರಲಿಲ್ಲ, ಅಂಕಿ ಕೊರೆದಾಗಲೂ ಆಗಿರಲಿಲ್ಲ. ಅಂದು ಆಯಿತು. ಆದರೆ ಅಲ್ಲಿ ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ? ಅವಳು ನನ್ನನ್ನು ಎದೆಯ ಹತ್ತಿರ ಇಟ್ಟುಕೊಳ್ಳಲೆಂದೇ ತಂದಿದ್ದಳು. ಅವರು ಚೆಂದಾಗಿ ಮಾಡಿಕೊಡಲೆಂದೇ ಉಜ್ಜಿದರು.

ಅಂದಿನಿಂದ ಮೂವತ್ತೇಳು ವರ್ಷ ಅವಳ ಎಡಭುಜದ ಮೇಲಿದ್ದೆ. ಕಲ್ಲುಕ್ವಾರಿಯ ಬಿಸಿಲಿನಲ್ಲಿ ಕಾದೆ. ಅವಳ ಬೆವರಿಗೆ ಹಸಿರುಗಟ್ಟಿದೆ. ಹಬ್ಬಕ್ಕೊಮ್ಮೆ ಅವಳು ಹುಣಸೆಹಣ್ಣು ಮತ್ತು ಬೂದಿಯಿಂದ ನನ್ನನ್ನು ಎಷ್ಟು ತಿಕ್ಕುತ್ತಿದ್ದಳೆಂದರೆ ಕಿರೀಟದ ಮುತ್ತುಗಳು ಒಂದೊಂದಾಗಿ ಸವೆದುಹೋದವು. ಮಗಳು ಕೆಂಚಮ್ಮನನ್ನು ಹಟ್ಟಿಯ ಮಕ್ಕಳು "ಓಡೋದೋನ ಮಗಳು" ಎಂದು ಅಣಕಿಸಿದಾಗ, ಸಣ್ಣೀರಮ್ಮ ಅವಳನ್ನು ಕೂರಿಸಿಕೊಂಡು ನನ್ನನ್ನು ತೋರಿಸಿ ಕಥೆ ಹೇಳುತ್ತಿದ್ದಳು. ಆ ಕಥೆಯಲ್ಲಿ ಮೊದಮೊದಲು ಹೇಸರಗತ್ತೆ ಇತ್ತು. ಮಗಳು ಅದನ್ನು ಶಾಲೆಯಲ್ಲಿ ಹೇಳಿ ಇನ್ನಷ್ಟು ನಗೆಪಾಟಲಾಗಿ ಅಳುತ್ತ ಬಂದಳು. ಆಮೇಲೆ ಕಥೆಯಲ್ಲಿ ಹೇಸರಗತ್ತೆ ಇರಲಿಲ್ಲ, ಮುಳುಗುತ್ತಿದ್ದ ಹತ್ತು ಜನ ಸಿಪಾಯಿಗಳಿದ್ದರು. ಸಣ್ಣೀರಮ್ಮ ಅದನ್ನು ಮೊದಲ ಸಲ ಹೇಳಿದಾಗ ಅವಳ ಭುಜ ನಡುಗಿದ್ದು ನನಗೆ ಗೊತ್ತು. ಹತ್ತನೆಯ ಸಲಕ್ಕೆ ನಡುಗಲಿಲ್ಲ.

ಅರವತ್ತೊಂದರಲ್ಲಿ ಓಬಮ್ಮ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಬಾಗಿಲಲ್ಲಿ ಯಾರ ನೆರಳು ಬಿದ್ದರೂ "ಬಂದ್ನೇನೇ?" ಎನ್ನುತ್ತಿದ್ದಳು. ಸೊಸೆ "ಬತ್ತಾನೆ ಕಣತ್ತೆ" ಎನ್ನುತ್ತಿದ್ದಳು. ಮುದುಕಿಯನ್ನು ಮಣ್ಣು ಮಾಡುವಾಗ ಸರ್ಕಾರದ ಆ ಕಾಗದವನ್ನು ಸಣ್ಣೀರಮ್ಮನೇ ಅವಳ ಮಡಿಲಲ್ಲಿಟ್ಟಳು. ಅದರ ಮೇಲೆ ತಿರುಮಲಬೋವಿಯ ಸಂಖ್ಯೆ ಇತ್ತು. ಅದನ್ನು ಓದಿದವನು ಟಪಾಲಿನವನು ಒಬ್ಬನೇ, ಅವನೂ ಅಷ್ಟರಲ್ಲಿ ಇರಲಿಲ್ಲ.

ಇನ್ನಾದರೂ ಬಳೆ ತೆಗೆಯಬಹುದಿತ್ತು. ಮಗಳೇ ಒಮ್ಮೆ ಕೇಳಿದಳು. ಸಣ್ಣೀರಮ್ಮ ಜಲ್ಲಿ ಒಡೆಯುತ್ತಲೇ, "ಅತ್ತೆಗೆ ಬತ್ತಾನೆ ಅಂತ ಏಳಿವ್ನಿ. ಈಗ ನಾನೇ ಸಾಯ್ಸಿದ್ರೆ ಅವ್ಳಿಗೆ ಸುಳ್ಳೇಳಿದಂಗಾಗಲ್ವಾ?" ಎಂದಳು. ಎಂಬತ್ತನಾಲ್ಕರಲ್ಲಿ ಅವಳು ಹಸಿರು ಬಳೆ ತೊಟ್ಟು, ಹಣೆ ತುಂಬ ಕುಂಕುಮ ಇಟ್ಟುಕೊಂಡೇ ಮಣ್ಣಿಗೆ ಹೋದಳು. ಮುತ್ತೈದೆ ಸಾವು, ಪುಣ್ಯವಂತೆ ಎಂದು ಹೆಂಗಸರು ಅವಳ ಕಾಲು ಮುಟ್ಟಿ ನಮಸ್ಕರಿಸಿದರು. ನನ್ನನ್ನು ಅವಳ ಭುಜದಿಂದ ಬಿಚ್ಚಿದವಳು ಕೆಂಚಮ್ಮ. ನಾನು ತಗಡಿನ ಡಬ್ಬಿಯೊಂದರಲ್ಲಿ, ಮಕ್ಕಳ ಉಡಿದಾರ ಮತ್ತು ಮೂಗುತಿಯ ಮುರುಕಿನ ಜೊತೆ ಸೇರಿಕೊಂಡೆ.

ಮತ್ತೆ ನಾನು ಬೆಳಕು ಕಂಡದ್ದು ಎರಡು ಸಾವಿರದ ಮೂರರಲ್ಲಿ. ತಾಲ್ಲೂಕು ಊರಿನ ನಿವೃತ್ತ ಸೈನಿಕರು ಸೇರಿ, ಯುದ್ಧಗಳಲ್ಲಿ ತೀರಿಕೊಂಡ ತಾಲ್ಲೂಕಿನವರ ಹೆಸರು ಕೆತ್ತಿದ ಒಂದು ಕಲ್ಲು ನಿಲ್ಲಿಸಲು ಹೊರಟಿದ್ದರು. ಹೆಸರು ಕೆತ್ತುವ ಕೆಲಸ ಕೆಂಚಮ್ಮನ ಮಗ ಅಂಜಿನಪ್ಪನಿಗೆ ಬಂದಿತ್ತು. ಪಟ್ಟಿ ನೋಡಿದವನೇ ಮನೆಗೆ ಬಂದು, "ಅವ್ವಾ, ಮೂವತ್ತೊಂದು ಜನ ಅವ್ರೆ. ನಮ್ ತಾತನ ಎಸ್ರಿಲ್ಲ" ಎಂದ.

ಕೆಂಚಮ್ಮನಿಗೆ ಅರವತ್ತಾಗಿತ್ತು. ತಗಡಿನ ಡಬ್ಬಿ ತೆಗೆದಳು. ಮಾರನೆಯ ದಿನ ನನ್ನನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಸೈನಿಕರ ಸಂಘಕ್ಕೆ ಹೋದಳು.

ಸಂಘದ ಅಧ್ಯಕ್ಷ ಹಾಲಪ್ಪ, ಸೇನೆಯಲ್ಲಿ ಸುಬೇದಾರರಾಗಿದ್ದವರು. ಒಳ್ಳೆಯ ಮನುಷ್ಯ. ಎದ್ದುನಿಂತು ಕುರ್ಚಿ ಕೊಟ್ಟರು. ಕಥೆ ಕೇಳಿದರು. ಮುಂದಿನ ವಾರ ಬೆಂಗಳೂರಿನಿಂದ ಒಬ್ಬ ಮೇಡಂ ಬರುತ್ತಾರೆ, ಹಳೆಯ ಪದಕ, ಬಿಲ್ಲೆಗಳನ್ನು ನೋಡಿ ಕಾಲ ಹೇಳಬಲ್ಲರು, ಅವರಿಗೆ ತೋರಿಸೋಣ ಎಂದರು.

ವಾರಿಜಾ ಎಂಬ ಆ ಮೇಡಂ ಒಂದು ಪುಟ್ಟ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದವರು. ಐವತ್ತರ ಆಸುಪಾಸು. ಬೆಳಕಿರುವ ಕಿಟಕಿಯ ಬಳಿ ಕೂತು, ಕಣ್ಣಿಗೆ ಭೂತಗನ್ನಡಿ ಹಿಡಿದು ನನ್ನನ್ನು ನೋಡತೊಡಗಿದರು. ಇಷ್ಟು ವರ್ಷಗಳಲ್ಲಿ ನನ್ನನ್ನು ಹಾಗೆ ನೋಡಿದವರು ಇನ್ನೊಬ್ಬರಿಲ್ಲ. ಈಗ ತಿಳಿಯುತ್ತದೆ, ಈಗ ತಿಳಿಯುತ್ತದೆ ಎಂದು ನಾನು ಕಾದೆ.

"ಕಿರೀಟ ಇದೆ ನೋಡಿ. ಅಂದ್ರೆ ನಾವು ಗಣರಾಜ್ಯ ಆಗೋಕೆ ಮೊದಲಿಂದು. ಆಮೇಲಿನವಕ್ಕೆ ಸಿಂಹ ಬರುತ್ತೆ" ಎಂದರು ವಾರಿಜಾ. "ಕಮಾನು ದುಂಡಗಿದೆ, ಅದು ರಾಜನ ಕಾಲದ ಕಿರೀಟ. ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿದೆ, ಅಂದ್ರೆ ತಗಡಿನ ಮೇಲೆ ಅಚ್ಚು ಒತ್ತಿದ್ದು. ಈಗಿನ ನಕಲುಗಳನ್ನ ಎರಕ ಹೊಯ್ತಾರೆ, ಹಿಂಭಾಗ ಹೀಗಿರಲ್ಲ. ಪಿಕಾಸಿ ಸಲಿಕೆ ಇರೋದ್ರಿಂದ ರಸ್ತೆ ಮಾಡೋ ಪಡೆ. ನಲವತ್ತೆರಡು, ನಲವತ್ಮೂರರ ಹೊತ್ತಿಂದು ಇರಬೇಕು. ಅನುಮಾನ ಇಲ್ಲ, ಇದು ಹಳೇದೇ."

ಕೆಂಚಮ್ಮ ಮಗನ ಕೈ ಹಿಡಿದುಕೊಂಡಳು.

ವಾರಿಜಾ ನನ್ನನ್ನು ತಿರುಗಿಸಿದರು. ಅಲ್ಲಿ ಅವರ ಬೆರಳು ನಿಂತಿತು. "ಆದರೆ ಇದು ಟೋಪಿಗೆ ಹಾಕೋದಲ್ಲಮ್ಮ. ಪಿನ್ನಿದೆ. ಆಗ ದಂಡಿನ ಅಂಗಡಿಗಳಲ್ಲಿ ಬಿಲ್ಲೆ ಥರದ ಪಿನ್ನುಗಳು ಸಿಗ್ತಿದ್ವು. ಹೆಂಡತಿಗೆ ಅಂತ ಕೊಳ್ಳೋರು, ಷೋಕಿಗೆ ಹಾಕ್ಕೊಳ್ಳೋರು. ಯಾರು ಬೇಕಾದ್ರೂ ಕೊಳ್ಳಬಹುದಿತ್ತು. ಪಟ್ಟಿ ಬೇರೆ ಖಾಲಿ ಇದೆ."

"ಪಿನ್ನು ನಮ್ಮವ್ವ ಆಕ್ಸಿದ್ದು ಕಣವ್ವ. ಅದ್ಕೆ ಮೊದ್ಲು ಕಿವಿ ಇತ್ತಂತೆ."

ವಾರಿಜಾ ಮತ್ತೆ ಕನ್ನಡಿ ಹಿಡಿದರು. ಬಹಳ ಹೊತ್ತು ನೋಡಿದರು. "ಹೌದು, ಇಲ್ಲಿ ಅರ ಹಾಕಿದಾರೆ" ಎಂದರು ಮೆಲ್ಲಗೆ. "ಏನೋ ಇತ್ತು. ಕಿವಿ ಇದ್ದಿರಬಹುದು. ಪಟ್ಟಿ ಮೇಲೂ ಏನೋ ಕೊರೆದಿದ್ರು ಅನ್ಸುತ್ತೆ. ಏನು ಅಂತ ಹೇಳೋಕಾಗಲ್ಲ."

ಅವರು ಅಲ್ಲಿಗೆ ಬಿಡಲಿಲ್ಲ. ಎರಡು ತಿಂಗಳು ಕಡತಗಳನ್ನು ಹುಡುಕಿ, ಒಂದು ಹಾಳೆಯ ನಕಲು ತಂದರು. ನಲವತ್ತೈದರ ಹಾಳೆ. ಜ್ಞಾನಮುತ್ತು ಹೇಳಿದ್ದನ್ನು ಬರೆದುಕೊಂಡ ಆ ಯಾರೋ ಒಬ್ಬರು ಅದನ್ನು ಮೇಲಕ್ಕೆ ಕಳಿಸಿದ್ದರು. ಗೈರುಹಾಜರಾಗಿದ್ದ ಮೂವರು ಹೊಳೆಯಲ್ಲಿ ಮುಳುಗಿ ಸತ್ತಿರುವುದು ಸಾಕ್ಷಿಯ ಹೇಳಿಕೆಯಿಂದ ತಿಳಿದಿದೆ ಎಂದು ಅದರಲ್ಲಿತ್ತು. ಹೆಸರುಗಳಿರಲಿಲ್ಲ, ಸಂಖ್ಯೆಗಳಿದ್ದವು. ಆ ಪಡೆ ಯುದ್ಧದ ನಂತರ ಮುಚ್ಚಿಹೋಗಿತ್ತು. ಯಾವ ಸಂಖ್ಯೆ ಯಾರದೆಂಬ ಪುಸ್ತಕ ಉಳಿದಿರಲಿಲ್ಲ.

ವಾರಿಜಾ ಸಂಘದ ಮೇಜಿನ ಮುಂದೆ ಕೂತು ಓದಿದರು. "ಮೂರು ಸಾವಿರದ ಒಂಬೈನೂರ ಎಂಟು. ನಾಲ್ಕು ಸಾವಿರದ ಇಪ್ಪತ್ತಾರು. ನಾಲ್ಕು ಸಾವಿರದ ನೂರ ಎಪ್ಪತ್ಮೂರು." ಆಮೇಲೆ ತಲೆಯೆತ್ತಿ, "ಇದರಲ್ಲಿ ನಿಮ್ಮ ತಂದೆಯವರ ನಂಬರು ಯಾವುದು ಅಂತ ಗೊತ್ತಾ ಅಮ್ಮಾ? ಎಲ್ಲಾದ್ರೂ ಬರೆದಿಟ್ಟಿದ್ರಾ?" ಎಂದು ಕೇಳಿದರು.

ನಾನು ಅದೇ ಮೇಜಿನ ಮೇಲೆ, ಆ ಹಾಳೆಯಿಂದ ಒಂದು ಗೇಣು ದೂರದಲ್ಲಿ ಅಂಗಾತ ಬಿದ್ದಿದ್ದೆ.

ಕೆಂಚಮ್ಮ ಯೋಚಿಸಿದಳು. "ಅಜ್ಜಿ ತಾವ ಒಂದು ಕಾಗ್ದ ಇತ್ತು. ಅವ್ಳ್ ಜೊತೇಲೇ ಓಯ್ತು. ಇನ್ನೆಲ್ಲೂ ಇಲ್ಲ ಕಣವ್ವ."

ಹಾಲಪ್ಪ ಕನ್ನಡಕ ತೆಗೆದು ಒರೆಸಿದರು. "ನನಗೆ ನಂಬಿಕೆ ಇದೆ ತಾಯಿ. ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ. ಆದರೆ ಇನ್ನೂ ನಾಲ್ಕು ಮನೆಯೋರು ಕೇಳಿದಾರೆ. ಕಾಗದ ಇಲ್ಲ ಅಂತ ಅವರನ್ನ ವಾಪಸ್ ಕಳಿಸಿದೀನಿ. ನಿಮಗೊಬ್ಬರಿಗೆ ಹೇಗೆ ಬರೀಲಿ?"

"ಸರಿ ಬುಡಿ" ಎಂದಳು ಕೆಂಚಮ್ಮ.

ಕಲ್ಲು ಅಂಜಿನಪ್ಪನ ಮನೆಯ ಮುಂದೆಯೇ ಮಲಗಿತ್ತು. ಮೂವತ್ತೊಂದು ಹೆಸರು ಕೆತ್ತಿ ಮುಗಿಸಿದ ಮಧ್ಯಾಹ್ನ ಅವನು ತಾಯಿಯನ್ನು ಕರೆದ. "ಅವ್ವಾ, ಕೊನೇ ಸಾಲಲ್ಲಿ ಒಂದೆಸ್ರಿಗೆ ಜಾಗ ಐತೆ. ಕೆತ್ಬುಡ್ಲಾ? ಒಂದ್ಸಲ ಕಲ್ಲು ನಿಂತ್ರೆ ಅಳಸೋರು ಯಾರು?"

ಕೆಂಚಮ್ಮ ಆ ಖಾಲಿ ಜಾಗವನ್ನು ಅಂಗೈಯಿಂದ ಸವರಿದಳು. ಅವನು ಉಳಿ ಹಿಡಿದು ಕಾದ.

"ಬ್ಯಾಡ ಕಣಪ್ಪ. ಕದ್ದು ಬರುದ್ರೆ ಅವ್ನು ಕದ್ದೋಡಿದೋನೇ ಆಯ್ತಾನೆ."

ಅಂಜಿನಪ್ಪ ಉಳಿ ಕೆಳಗಿಟ್ಟ. ಆ ಜಾಗವನ್ನು ನುಣುಪು ಮಾಡಿ ಹಾಗೇ ಬಿಟ್ಟ.

ಕಲ್ಲು ನಿಲ್ಲಿಸಿದ ದಿನ ಕೆಂಚಮ್ಮ ಹೋಗಿದ್ದಳು. ಹೆಸರುಗಳನ್ನು ಗಟ್ಟಿಯಾಗಿ ಓದಿದರು. ಪ್ರತಿ ಹೆಸರಿಗೂ ಒಂದು ಮನೆಯವರು ಮುಂದೆ ಬಂದು ಹೂವಿಟ್ಟರು. ಎಲ್ಲ ಮುಗಿದ ಮೇಲೆ ಅವಳು ವಾರಿಜಾರನ್ನು ಹುಡುಕಿಕೊಂಡು ಸಂಘದ ಕೋಣೆಗೆ ಬಂದಳು. ನನ್ನನ್ನು ಮೇಜಿನ ಮೇಲಿಟ್ಟಳು.

"ಇದ್ನ ನೀವೇ ಇಟ್ಕಳಿ ತಾಯಿ. ನಾನು ಕಣ್ಮುಚ್ಚಿದ್ಮೇಲೆ ಮೊಮ್ಮಕ್ಳು ಗುಜರಿಗೆ ಆಕ್ತಾರೆ."

ವಾರಿಜಾ ಬೇಡವೆನ್ನಲಿಲ್ಲ. ಚೀಲದಿಂದ ಒಂದು ರಟ್ಟಿನ ಚೀಟಿ ತೆಗೆದು, "ನೀವು ಹೇಳಿ, ನಾನು ಬರ್ಕೋತೀನಿ. ನಂಬರು ಇಲ್ಲದಿದ್ರೆ ಹೋಗ್ಲಿ, ಮಗಳು ಹೇಳಿದ್ದು ಅಂತ ಬರೀತೀನಿ" ಎಂದರು.

ಕೆಂಚಮ್ಮ ಹೇಳಿದಳು. ಹೆಸರು, ಹಟ್ಟಿ, ಬರ್ಮಾ, ಹೊಳೆ. ಮುಳುಗುತ್ತಿದ್ದ ಹತ್ತು ಜನ ಸಿಪಾಯಿಗಳನ್ನು ಉಳಿಸಲು ಅಪ್ಪ ನೀರಿಗೆ ಹಾರಿದ ಎಂದು ಹೇಳಿದಳು. ವಾರಿಜಾ ಬರೆದುಕೊಂಡರು. ನಾನು ಮತ್ತೆ ಸುಮ್ಮನಿರಬೇಕಾಯಿತು. ಇಷ್ಟು ವರ್ಷ ಸುಳ್ಳನ್ನು ತಿದ್ದಲಾಗದೆ ಕೊರಗಿದವನಿಗೆ ಅಂದು ಪ್ರೀತಿಯಿಂದ ಹುಟ್ಟಿದ ಸುಳ್ಳನ್ನೂ ತಿದ್ದಲಾಗಲಿಲ್ಲ. ಬಾಯಿ ಇದ್ದಿದ್ದರೆ ತಿದ್ದುತ್ತಿದ್ದೆನೋ ಇಲ್ಲವೋ, ಅದೂ ನನಗೆ ತಿಳಿಯದು. ನಾನು ಕಂಡ ತಿರುಮಲಬೋವಿ ಒಂದು ಮೂಕಪ್ರಾಣಿಯ ಅರಚಾಟ ತಡೆಯಲಾರದೆ ಇಳಿದವನು. ನನಗೆ ಅವನೇ ಸಾಕಾಗಿತ್ತು.

"ಕೊನೇದಾಗಿ ಒಂದು" ಎಂದರು ವಾರಿಜಾ. "ನಿಮ್ಮ ತಂದೆಯವರ ಹೆಸರಿನ ಮುಂದೆ ಏನು ಬರೀಲಿ? ಕಾಣೆಯಾದರು ಅಂತಲೋ, ತೀರಿಕೊಂಡರು ಅಂತಲೋ?"

ಕೆಂಚಮ್ಮ ಸೆರಗನ್ನು ಭುಜದ ಮೇಲೆ ಸರಿಮಾಡಿಕೊಂಡಳು. ತೀರಿಕೊಂಡ ಎಂಬ ಮಾತನ್ನು ಅವಳ ಅಜ್ಜಿ ಆಡಲು ಬಿಟ್ಟಿರಲಿಲ್ಲ. ಅವಳ ಅವ್ವ ಆಡದೆಯೇ ಹೋಗಿದ್ದಳು. ಹೊರಗೆ ಶಾಮಿಯಾನ ಬಿಚ್ಚುವವರ ಸದ್ದು ಕೇಳುತ್ತಿತ್ತು.

"ತೀರ್ಕಂಡ್ರು ಅಂತ ಬರ್ಕಳಿ" ಎಂದಳು. ಮತ್ತೆ, "ನಮ್ಮಪ್ಪ ಸತ್ತೋದ ಕಣವ್ವ. ಒಳೇಲಿ" ಎಂದಳು.

ವಾರಿಜಾ ಬರೆದರು. ಬರೆಯುವವರೆಗೂ ಕೆಂಚಮ್ಮ ಲೇಖನಿಯನ್ನೇ ನೋಡುತ್ತಿದ್ದಳು. ಆಮೇಲೆ ಎದ್ದಳು. "ಇಲ್ಲಿ ನೀರೆಲ್ಲೈತೆ?"

"ಕುಡಿಯೋಕಾ? ಕೂತ್ಕೊಳ್ಳಿ, ತರಿಸ್ತೀನಿ."

"ಕುಡಿಯಾಕಲ್ಲ. ಸಾವಿನ ಸುದ್ದಿ ಆಡಿದ್ಮೇಲೆ ಮೈ ತೊಳ್ಕಬೇಕು."

ಸಂಘದ ಕಾಂಪೌಂಡಿನ ಮೂಲೆಯಲ್ಲಿ ಒಂದು ನಲ್ಲಿ ಇತ್ತು. ನಾನು ಮೇಜಿನ ಮೇಲಿಂದ ಕಿಟಕಿಯಲ್ಲಿ ನೋಡಿದೆ. ಅಂಜಿನಪ್ಪ ಬಕೆಟ್ ತಂದಿಟ್ಟು ದೂರ ನಿಂತ. ಅವಳು ಉಟ್ಟ ಸೀರೆಯಲ್ಲೇ ನಲ್ಲಿಯ ಕೆಳಗಿನ ಹಾಸುಗಲ್ಲಿನ ಮೇಲೆ ಕೂತಳು. ಚೊಂಬಿನಿಂದ ನೀರು ಮೊಗೆದು ತಲೆಯ ಮೇಲೆ ಸುರಿದುಕೊಂಡಳು. ಇನ್ನೊಂದು ಚೊಂಬು. ಇನ್ನೊಂದು. ಅರವತ್ತು ವರ್ಷದ ಹೆಂಗಸು ಚಿಕ್ಕ ಮಗುವಿನ ಹಾಗೆ ಬಾಯಿ ಬಿಟ್ಟು "ಅಪ್ಪಾ" ಎಂದು ಅತ್ತಳು. ಹಾಲಪ್ಪ ಹೊರಗೆ ಬಂದವರು ಅದನ್ನು ಕಂಡು ತಲೆಯ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತರು.

ಈಗ ನಾನು ವಾರಿಜಾರ ಸಂಗ್ರಹಾಲಯದ ಮರದ ಡ್ರಾಯರೊಂದರಲ್ಲಿದ್ದೇನೆ. ನನ್ನ ಕೆಳಗೆ ಆ ರಟ್ಟಿನ ಚೀಟಿ ಇದೆ. ನನ್ನ ವಯಸ್ಸು ಅದರಲ್ಲಿ ಸರಿಯಾಗಿದೆ. ಜಾತಿ ತಪ್ಪಾಗಿದೆ, ಅಲಂಕಾರದ ಪಿನ್ನು ಎಂದು ಬರೆದು ಮುಂದೆ ಒಂದು ಪ್ರಶ್ನೆಯ ಗುರುತು ಹಾಕಿದ್ದಾರೆ. ಹತ್ತು ಜನ ಸಿಪಾಯಿಗಳೂ ಇದ್ದಾರೆ. ಯಾರಾದರೂ ಬಂದು ಡ್ರಾಯರು ಎಳೆದರೆ ಬೆಳಕು ಬೀಳುತ್ತದೆ. ಕಿರೀಟ ನೋಡುತ್ತಾರೆ, ತಿರುಗಿಸಿ ಬೆನ್ನು ನೋಡುತ್ತಾರೆ, ಚೀಟಿ ಓದುತ್ತಾರೆ. ಕೊನೆಯ ಸಾಲಿಗೆ ಬಂದಾಗ ಕೆಲವರು ಅದನ್ನು ಇನ್ನೊಮ್ಮೆ ಓದುತ್ತಾರೆ.

ತಿರುಮಲಬೋವಿ, ಕರೇಕಲ್ಲುಹಟ್ಟಿ. ಹೊಳೆಯಲ್ಲಿ ತೀರಿಕೊಂಡರು. ಹೇಳಿದವರು: ಮಗಳು.